ಸೋಲದ ಕೈ

ನಮ್ಮ ಬೀದಿಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ಮಕ್ಕಳು ಜಗಲಿ ಬದಲಾಯಿಸುತ್ತಾರೆ. ಪಕ್ಕದ ಮನೆ ದಾಕ್ಷಾಯಣಿಯ ಮಗ ಅಂಗಿಯ ಗುಂಡಿಗಳನ್ನೆಲ್ಲ ಬಿಟ್ಟುಕೊಂಡು ನಮ್ಮ ಜಗಲಿಗೆ ಬಂದು ನಿಲ್ಲುತ್ತಾನೆ. ಎದುರು ಮನೆಯ ಅವಳಿ ಹುಡುಗಿಯರು ಬಾಚಣಿಗೆ, ರಿಬ್ಬನ್ನು ಹಿಡಿದುಕೊಂಡು ದಾಕ್ಷಾಯಣಿಯ ಜಗಲಿ ಹತ್ತುತ್ತಾರೆ. ಹತ್ತು ನಿಮಿಷ ಬೀದಿಯ ತುಂಬ ಗಲಾಟೆ, ಆಮೇಲೆ ಶಾಲೆಯ ಗಂಟೆ, ಆಮೇಲೆ ಎಲ್ಲ ತಣ್ಣಗೆ. ಇದಕ್ಕೆ ನಾವು ಬದಲಿ ಹೊತ್ತು ಎನ್ನುತ್ತೇವೆ. ಹಿಂದಿನ ದಿನ ನಲ್ಲಿಯ ಹತ್ತಿರ ಕೊಡ ಎತ್ತಿ ಜಗಳವಾಡಿದ ಇಬ್ಬರು ಹೆಂಗಸರು ಕೂಡ ಬೆಳಗಾದರೆ ಒಬ್ಬರ ಮಗಳಿಗೆ ಇನ್ನೊಬ್ಬರು ಜಡೆ ಹಾಕಲೇಬೇಕು. ಜಡೆಯನ್ನು ಸ್ವಲ್ಪ ಬಿಗಿಯಾಗಿ ಎಳೆದು ಸಿಟ್ಟು ತೀರಿಸಿಕೊಳ್ಳಬಹುದು, ಅಷ್ಟೇ. ಹಾಗಾಗಿ ನಮ್ಮೂರಲ್ಲಿ ಜಗಳಗಳಿಗೆ ಆಯಸ್ಸು ಕಡಿಮೆ.

ತಾಯಂದಿರ ಕೈ ಸೋಲುವುದು ಇಲ್ಲಿ ಮಕ್ಕಳಿಗೆ ಹಲ್ಲು ಬರುವಷ್ಟೇ ಸಹಜ. ಮಗು ಒಂದು ಕೆಲಸವನ್ನು ಒಂದು ಸಲ ಪೂರ್ತಿಯಾಗಿ ತಾನೇ ಮಾಡಿಕೊಂಡಿತೆಂದರೆ, ಅಂದಿನಿಂದ ಆ ಮಗುವಿಗೆ ಆ ಕೆಲಸ ಮಾಡಿಕೊಡಲು ಅದರ ತಾಯಿಗೆ ಕೈ ಬರುವುದಿಲ್ಲ. ಗುಂಡಿ ಕಾಜದೊಳಗೆ ಹೋಗುವುದಿಲ್ಲ. ಬಾಚಣಿಗೆ ಬೈತಲೆ ತಪ್ಪುತ್ತದೆ. ಅದೇ ಕೈ ಬೇರೆಯವರ ಮಕ್ಕಳಿಗೆ ಹತ್ತು ಗುಂಡಿ ಹಾಕಬಲ್ಲದು, ತನ್ನ ಮಗುವಿಗೆ ಮಾತ್ರ ಇಲ್ಲ. ಅಜ್ಜಿಯರ ಕೈ, ಅತ್ತೆಯರ ಕೈ ಸೋಲುವುದಿಲ್ಲ. ಅಪ್ಪಂದಿರ ಕೈಯೂ ಸೋಲುವುದಿಲ್ಲ. ಆದರೆ ಬೆಳಗ್ಗೆ ಎಂಟು ಗಂಟೆಗೆ ಆ ಕೈಗಳು ಎಲ್ಲಿರುತ್ತವೆ ಎಂದು ನಮ್ಮೂರಲ್ಲಿ ಯಾರೂ ಕೇಳಿದ್ದಿಲ್ಲ.

ಕೆಲವು ತಾಯಂದಿರು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ಮೂಲೆಮನೆಯ ಶಿವಗಂಗಮ್ಮನ ಮಗನಿಗೆ ಹನ್ನೊಂದು ವರ್ಷ. ಅವನು ಎಷ್ಟೇ ಚೆನ್ನಾಗಿ ತಲೆ ಬಾಚಿಕೊಳ್ಳಲಿ, ಕೊನೆಯ ಎಳೆಯೊಂದನ್ನು ಅವಳು ಓಡಿ ಹೋಗಿ ತಾನೇ ಸರಿಮಾಡುತ್ತಾಳೆ. ಪೂರ್ತಿ ಅವನದಾಗಲು ಬಿಟ್ಟೇ ಇಲ್ಲ. ಹುಡುಗ ಬಾಚಣಿಗೆ ಹಿಡಿದು ಹಿತ್ತಲಿಗೆ ಓಡುವುದು, ಹಿಂದೆ ಅವಳು ಓಡುವುದು, ಬೀದಿಗೆಲ್ಲ ಅದೊಂದು ನಗು. ನಾನೂ ನಕ್ಕಿದ್ದೇನೆ. ನನ್ನ ಬೆರಳು ಏನು ಮಾಡುತ್ತಿತ್ತು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದು ಅರ್ಧ ನಿಜ.

ನಾನು ವಿಶಾಲಾಕ್ಷಿ. ಶಾಲೆಯ ಪುಸ್ತಕಗಳಿಗೆ, ಕಚೇರಿಯ ದಫ್ತರಗಳಿಗೆ ಮನೆಯಲ್ಲೇ ರಟ್ಟು ಕಟ್ಟುತ್ತೇನೆ. ನನ್ನ ಗಂಡ ಕೊಟ್ರೇಶಿ ಊರಿನ ಪೋಸ್ಟ್‌ಮ್ಯಾನ್. ಹೊನ್ನಿ ನಮ್ಮ ಮನೆಗೆ ಬಂದಾಗ ನನಗೆ ನಲವತ್ತಮೂರು, ಅವಳಿಗೆ ನಲವತ್ತು ದಿನ. ಎರಡು ಬಸ್ಸು ಹತ್ತಿ ಹೋಗಬೇಕಾದ ಒಂದು ಊರಿನ ಮಕ್ಕಳ ಮನೆಯಿಂದ, ಏಳೆಂಟು ದತ್ತು ಕಾಗದಗಳಿಗೆ ಸಹಿ ಹಾಕಿ, ಹಳೆಯ ಸೀರೆಯಲ್ಲಿ ಸುತ್ತಿಕೊಂಡು ತಂದೆವು. ದಾರಿಯುದ್ದಕ್ಕೂ ಅವಳು ನನ್ನ ಕಿರುಬೆರಳನ್ನು ಬಿಡಲಿಲ್ಲ. ಟಿಕೆಟ್ ತೆಗೆಯುವುದಕ್ಕೂ ಕೊಟ್ರೇಶಿಯೇ ನನ್ನ ಚೀಲಕ್ಕೆ ಕೈ ಹಾಕಬೇಕಾಯಿತು. ಆ ದಿನದ ಸಂತೋಷವನ್ನು ಹೇಳುವುದಕ್ಕೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಬೀದಿಯ ಎಲ್ಲ ಮಕ್ಕಳಿಗೂ ಬದಲಿ ಹೊತ್ತಿನಲ್ಲಿ ಗುಂಡಿ ಹಾಕಿದವಳು ನಾನು. ಬೇರೆಯವರ ಕೈ ಸೋತಾಗಲೆಲ್ಲ ಕರೆಯುತ್ತಿದ್ದುದು ನನ್ನನ್ನೇ. "ವಿಶಾಲಕ್ಕನ ಕೈ ಯಾವಾಗಲೂ ಸರಿ ಇರುತ್ತೆ" ಅನ್ನುತ್ತಿದ್ದರು. ಅದು ಹೊಗಳಿಕೆಯೆಂದೇ ಅವರು ಅಂದುಕೊಂಡಿದ್ದರು.

ಹೊನ್ನಿಗೆ ಒಂದೂಮುಕ್ಕಾಲು ವರ್ಷ ತುಂಬುವ ಹೊತ್ತಿಗೆ ಅವಳ ಬಾಯಿಗೆ ಒಂದು ಮಾತು ಬಂತು: "ಹೊನ್ನೀನೇ." ಹಾಲಿನ ಲೋಟ ತುಟಿಗೆ ಹಿಡಿದರೆ ಹೊನ್ನೀನೇ. ಮೆಟ್ಟಿಲ ಹತ್ತಿರ ಎತ್ತಿಕೊಳ್ಳಲು ಬಗ್ಗಿದರೆ ಹೊನ್ನೀನೇ. ಅಂಟು ಕಾಯಿಸುವ ಪಾತ್ರೆಯ ಹತ್ತಿರ ಹೋಗಿ, ನನ್ನ ಕುಂಚ ಕಸಿದುಕೊಂಡು, ಹೊನ್ನೀನೇ. ತಾಲ್ಲೂಕು ಕಚೇರಿಯ ಒಂದು ದಫ್ತರದ ಕೊನೆಯ ಹಾಳೆಯಲ್ಲಿ ಅವಳ ಐದು ಬೆರಳಿನ ಅಂಟು ಇವತ್ತಿಗೂ ಇರಬೇಕು. ಬೇಡ ಅಂದರೆ ನೆಲಕ್ಕೆ ಬಿದ್ದು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಉಸಿರು ಹಿಡಿದು, ಬೀದಿಯ ಕೊನೆಗೆ ಕೇಳುವ ಹಾಗೆ ಅಳುತ್ತಿದ್ದಳು. ಆಮೇಲೆ ತಾನೇ ಎದ್ದು ಬಂದು ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಅದಕ್ಕೆ ಮಾತ್ರ ನಾನು ಬೇಕು.

ಎರಡು ವರ್ಷ ತುಂಬಿದ ವಾರ ಬದಲಿ ಹೊತ್ತಿನಲ್ಲಿ, ನಮ್ಮ ಜಗಲಿಯ ಮೇಲೆ ಕುಳಿತು, ನಾಲಿಗೆ ಹೊರಗೆ ಹಾಕಿಕೊಂಡು, ಹೊನ್ನಿ ತನ್ನ ಎರಡೂ ಚಪ್ಪಲಿ ಹಾಕಿಕೊಂಡಳು. ಬೀದಿಯೇ ಚಪ್ಪಾಳೆ ತಟ್ಟಿತು.

"ಹೋಯ್ತು ಬಿಡು ವಿಶಾಲಕ್ಕ, ನಿನ್ನ ಕೈ ಸೋತಿತು!" ಎಂದು ದಾಕ್ಷಾಯಣಿ ತನ್ನ ಜಗಲಿಯಿಂದಲೇ ಕೂಗಿದಳು. "ಬಾ, ನಮ್ಮ ಗುಂಪಿಗೆ ಸೇರ್ಕೋ."

ಎದುರು ಮನೆಯ ಗೌರಜ್ಜಿ, ಅವಳಿಗಳ ಮುತ್ತಜ್ಜಿ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕು, "ಮೊದಲನೇ ಸೋಲು. ಬೆಲ್ಲ ಹಂಚಬೇಕಮ್ಮ" ಅಂದಳು. ನಮ್ಮಲ್ಲಿ ಹಾಗೆ. ಮೊದಲ ಸಲ ಕೈ ಸೋತ ತಾಯಿ ಬೀದಿಗೆಲ್ಲ ಬೆಲ್ಲ ಹಂಚುತ್ತಾಳೆ.

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹೊನ್ನಿಯ ಚಪ್ಪಲಿ ಬಿಚ್ಚಿ ಮತ್ತೆ ಹಾಕಲು ಹೋದೆ. ಕಾಲು ಚಪ್ಪಲಿಯೊಳಗೆ ನೀಟಾಗಿ ಜಾರಿತು. ಪಟ್ಟಿ ಕೊಕ್ಕೆಗೆ ಕೂತಿತು. ಬಿಚ್ಚಿ ಇನ್ನೊಂದು ಸಲ ಹಾಕಿದೆ. ಕೂತಿತು. ಆರು ಸಲ ಹಾಕಿ ಬಿಚ್ಚಿರಬೇಕು, ಹೊನ್ನಿ ಇದೊಂದು ಆಟವೆಂದು ಕೇಕೆ ಹಾಕುತ್ತಿದ್ದಳು. ನನ್ನ ಕೈ ಇಪ್ಪತ್ತು ವರ್ಷದಿಂದ ಇದ್ದ ಹಾಗೆಯೇ ಇತ್ತು. ಪಕ್ಕದ ಮನೆಯವಳ ಕೈಯ ಹಾಗೆ ಸರಿಯಾಗಿತ್ತು.

ಅವತ್ತು ಮಧ್ಯಾಹ್ನ ನಾನು ಬೆಲ್ಲ ಹಂಚಿದೆ.

ಮರುದಿನದಿಂದ ಬದಲಿ ಹೊತ್ತಿನಲ್ಲಿ ಹೊನ್ನಿಯನ್ನು ದಾಕ್ಷಾಯಣಿಯ ಮುಂದೆ ನಿಲ್ಲಿಸುತ್ತಿದ್ದೆ. "ಇವತ್ತು ಹಟ ಮಾಡ್ತಿದಾಳೆ, ಚಪ್ಪಲಿ ಹಾಕ್ಕೊಳ್ತಾ ಇಲ್ಲ. ಸ್ವಲ್ಪ ಹಾಕು ಮಾರಾಯ್ತಿ, ನನ್ನ ಕೈಗೆ ಬರಲ್ವಲ್ಲ" ಅನ್ನುತ್ತಿದ್ದೆ. ದಾಕ್ಷಾಯಣಿ ದಪ್ಪ ಹೆಂಗಸು, ಸೊಂಟ ಹಿಡಿದುಕೊಂಡು ಬಗ್ಗಿ ಹಾಕುತ್ತಿದ್ದಳು. ಮನೆಯೊಳಗೆ, ಬಾಗಿಲು ಹಾಕಿಕೊಂಡ ಮೇಲೆ, ನಾನೇ ಹಾಕುತ್ತಿದ್ದೆ. ಚಪ್ಪಲಿಯ ಮೇಲೆ ಹಾಲಿನ ಲೋಟ ಸೇರಿತು, ಲೋಟದ ಮೇಲೆ ಮೆಟ್ಟಿಲು, ಮೆಟ್ಟಿಲಿನ ಮೇಲೆ ತೋಳಿಲ್ಲದ ಫ್ರಾಕು. ಪ್ರತಿಯೊಂದನ್ನೂ ಹೊನ್ನಿ ಮಾಡಿದಳು, ಬೀದಿ ನೋಡಿತು, ನನ್ನ ಕೈ ಸೋಲಲಿಲ್ಲ, ನಾನು ಸೋತಂತೆ ನಟಿಸಿದೆ. ಫ್ರಾಕಿನ ದಿನವಂತೂ ಎಲ್ಲರೆದುರು ಅದನ್ನು ಅವಳ ತಲೆಗೆ ಹಾಕಲು ಹೋಗಿ, ಬೇಕೆಂದೇ ಬೀಳಿಸಿದೆ. ನನ್ನದೇ ಮಗಳ ಬಟ್ಟೆಯನ್ನು ಕದ್ದವಳ ಹಾಗೆ ಅನ್ನಿಸಿತ್ತು ನನಗೆ.

ಕೊಟ್ರೇಶಿಯ ಕಣ್ಣಿಗೆ ಇದು ಬಿದ್ದದ್ದು ಒಂದು ಭಾನುವಾರ. ನಾನು ಹೊನ್ನಿಗೆ ಫ್ರಾಕು ಹಾಕುತ್ತಿದ್ದೆ, ಅವನು ಬಾಗಿಲಲ್ಲಿ ನಿಂತು ನೋಡಿದ.

"ನಿನ್ನ ಕೈ ಸೋತಿಲ್ವಾ?"

"ಇಲ್ಲ."

ಅವನದು ಒಳ್ಳೆಯ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. "ಒಳ್ಳೇದೇ ಆಯ್ತಲ್ಲ ಬಿಡು. ಯಾರ ಮನೆ ಜಗಲಿಗೂ ಹೋಗ್ಬೇಕಾಗಿಲ್ಲ. ಅವಳಿಗೆ ಇಪ್ಪತ್ತು ವರ್ಷ ಆದರೂ ನೀನೇ ಜಡೆ ಹಾಕಬಹುದು. ಯಾವ ತಾಯಿಗಿದೆ ಈ ಭಾಗ್ಯ?"

ಯಾವ ತಾಯಿಗೂ ಇಲ್ಲ. ಅದೇ ನನ್ನ ಸಂಕಟ ಎಂದು ಅವನಿಗೆ ಹೇಗೆ ಹೇಳಲಿ? ಅಜ್ಜಿಯರಿಗಿದೆ. ಅತ್ತೆಯರಿಗಿದೆ. ಬದಲಿ ಹೊತ್ತಿನಲ್ಲಿ ಕರೆಸಿಕೊಳ್ಳುವ ಪಕ್ಕದ ಮನೆಯ ವಿಶಾಲಕ್ಕನಿಗಿದೆ. ಕೆಲವು ಮಧ್ಯಾಹ್ನ ರಟ್ಟಿಗೆ ದಾರ ಹಾಕುತ್ತ ಕುಳಿತಾಗ ನನಗೆ ಒಬ್ಬ ಹೆಂಗಸು ಕಾಣಿಸುತ್ತಿದ್ದಳು. ಮುಖ ಗೊತ್ತಿಲ್ಲ. ಎಲ್ಲೋ ಒಂದು ಊರಿನಲ್ಲಿ ಹಿಟ್ಟು ನಾದುತ್ತಲೋ ಬಟ್ಟೆ ಹಿಂಡುತ್ತಲೋ ಇದ್ದವಳ ಕೈ ಒಂದು ಕ್ಷಣ ತಪ್ಪುತ್ತದೆ, ಯಾಕೆಂದು ಅವಳಿಗೆ ತಿಳಿಯುವುದಿಲ್ಲ. ಇಲ್ಲಿ ಹೊನ್ನಿ ಚಪ್ಪಲಿ ಹಾಕಿಕೊಂಡಿರುತ್ತಾಳೆ. ಸೋಲು ಹೋಗಬೇಕಾದ ಕೈಗೇ ಹೋಗಿ ಸೇರಿರುತ್ತದೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಮರುಕ್ಷಣ ನಾಚಿಕೆಯಾಗುತ್ತಿತ್ತು, ಯಾಕೆಂದರೆ ನನ್ನ ಮನೆಯ ಈ ಗಲಾಟೆಯೆಲ್ಲ ಅವಳು ಕೊಟ್ಟದ್ದು.

ಸಿಕ್ಕಿಬಿದ್ದದ್ದು ಹೊನ್ನಿಗೆ ಎರಡೂವರೆ ತುಂಬಿದಾಗ. ದಾಕ್ಷಾಯಣಿ ಹೆಪ್ಪಿಗೆ ಮೊಸರು ಕೇಳಲು ಹಿತ್ತಲ ಬಾಗಿಲಿನಿಂದ ಬಂದಳು. ನಾನು ನೆಲದಲ್ಲಿ ಕೂತು ಹೊನ್ನಿಗೆ ಚಪ್ಪಲಿ ಹಾಕಿ ಕೊಕ್ಕೆ ಸಿಕ್ಕಿಸುತ್ತಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಬಟ್ಟಲು ಹಿಡಿದ ದಾಕ್ಷಾಯಣಿ.

"ಅಲ್ಲಾ ಕಣೇ," ಅಂದಳು. ಆಮೇಲೆ ಅವಳ ಧ್ವನಿ ಏರಿತು. "ಆರು ತಿಂಗಳಿಂದ ದಿನಾ ಬೆಳಗಾದ್ರೆ ನಾನು ಈ ಸೊಂಟ ಇಟ್ಕೊಂಡು ಬಗ್ತಾ ಇದೀನಿ! ಎಣ್ಣೆ ಹಚ್ಚಿಸ್ಕೊಂಡು ಮಲಗ್ತಾ ಇದೀನಿ! ನಿನ್ನ ಕೈ ಹೀಗೆ ಗುಂಡುಕಲ್ಲಿನ ಹಾಗೆ ನೆಟ್ಟಗಿದೆಯಾ?"

"ತಪ್ಪಾಯ್ತು ದಾಕ್ಷಾಯಣಿ."

"ತಪ್ಪಾಯ್ತಂತೆ. ಬೆಲ್ಲ ಬೇರೆ ಹಂಚಿದೀಯ! ನಾನು ಎರಡು ಉಂಡೆ ತಿಂದೆ!"

ನಾನು ಅಳಲು ಶುರುಮಾಡಿದೆ. ಹೊನ್ನಿ ನನ್ನನ್ನು ನೋಡಿ, ದಾಕ್ಷಾಯಣಿಯನ್ನು ನೋಡಿ, ಅವಳ ಕಾಲಿಗೆ ಒಂದು ಏಟು ಕೊಟ್ಟಳು. ದಾಕ್ಷಾಯಣಿ ಬಟ್ಟಲು ಕೆಳಗಿಟ್ಟು ನನ್ನ ಪಕ್ಕ ಉಸ್ಸೆಂದು ಕೂತಳು. ಅವಳಿಗೆ ನಾನು ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಬೀದಿಯಲ್ಲಿ ಇಷ್ಟು ವರ್ಷ ಒಬ್ಬರ ಮಕ್ಕಳಿಗೆ ಇನ್ನೊಬ್ಬರು ತಲೆ ಬಾಚಿದವರು ನಾವು.

"ಎಲ್ಲದಕ್ಕೂ ಹೀಗೇನಾ? ಲೋಟ, ಫ್ರಾಕು?"

"ಎಲ್ಲದಕ್ಕೂ."

"ಚಪ್ಪಲಿ ಬಿಚ್ಚಿ ಅವಳೇ ಹಾಕ್ಕೊಳ್ಳೋಕೆ ಹೇಳು. ನೋಡೋಣ."

ಹೊನ್ನಿಗೆ ಹೇಳಬೇಕೇ? "ಹೊನ್ನೀನೇ" ಎಂದು ಕೂತೇಬಿಟ್ಟಳು. ಬಲಗಾಲು ತೂರಿಸಿದಳು, ಹೆಬ್ಬೆರಳು ಸಿಕ್ಕಿಹಾಕಿಕೊಂಡಿತು, ಎಳೆದಳು, ಮತ್ತೆ ತೂರಿಸಿದಳು. ಮುಖ ಕೆಂಪಾಯಿತು. ಕಾಲು ಒಳಗೆ ಹೋಯಿತು. ದಾಕ್ಷಾಯಣಿ ಅವಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ವಿಶಾಲಕ್ಕ, ನಿನ್ನ ಬೆರಳು ಎಲ್ಲಿದೆ ನೋಡ್ಕೋ."

ನೋಡಿಕೊಂಡೆ. ನನ್ನ ತೋರುಬೆರಳು ಹೊನ್ನಿಯ ಹಿಮ್ಮಡಿಯ ಕೆಳಗಿತ್ತು. ಯಾವಾಗ ಹೋಯಿತೋ ನನಗೆ ತಿಳಿಯದು. ಹಿಮ್ಮಡಿ ಪಟ್ಟಿಯ ಮೇಲೆ ಹತ್ತುವಾಗ ಇಷ್ಟೇ ಇಷ್ಟು ಎತ್ತಿಕೊಟ್ಟಿತ್ತು.

"ಲೋಟಕ್ಕೂ ಹೀಗೆ ತಳಕ್ಕೆ ಬೆರಳು ಕೊಟ್ಟಿರ್ತೀಯ. ಮೆಟ್ಟಿಲು ಇಳಿಯೋವಾಗ ಬೆನ್ನಿಗೆ ಕೈ. ನಾನು ನೋಡಿಲ್ವಾ? ಒಂದಾದರೂ ಪೂರ್ತಿ ಬಿಟ್ಟಿದೀಯಾ? ಬಿಡದೆ ಕೈ ಸೋಲು ಅಂದರೆ ಎಲ್ಲಿ ಸೋಲುತ್ತೆ?"

"ಬಿದ್ದರೆ?"

"ಬೀಳ್ತಾಳೆ. ನನ್ನ ಮಗ ಬೀಳಲಿಲ್ವಾ, ಹಣೆ ಮೇಲೆ ಗುರುತಿಲ್ವಾ?" ಆಮೇಲೆ ಅವಳು ತಗ್ಗಿದ ಧ್ವನಿಯಲ್ಲಿ ಕೇಳಿದಳು. "ಬೀಳ್ತಾಳೆ ಅಂತ ಭಯಾನಾ? ಬೇರೆ ಏನಾದರೂನಾ?"

ಬೇರೆಯದೇ. ಬೆರಳು ತೆಗೆದು, ಅವಳು ಪೂರ್ತಿ ತಾನೇ ಮಾಡಿಕೊಂಡು, ಆಗಲೂ ನನ್ನ ಕೈ ಸೋಲದಿದ್ದರೆ? ಆಮೇಲೆ ನೆಪ ಹೇಳಿಕೊಳ್ಳಲು ನನಗೆ ಒಂದು ಬೆರಳೂ ಉಳಿಯುತ್ತಿರಲಿಲ್ಲ. ನಾನು ಅವಳ ತಾಯಿ ಹೌದೋ ಅಲ್ಲವೋ ಎಂಬುದು ನನ್ನ ಕೈಯಿಂದಲೇ ಗೊತ್ತಾಗಿಬಿಡುತ್ತಿತ್ತು. ಕಾಗದಕ್ಕೆ ಸಹಿ ಹಾಕಿದ ಕೈಯೂ ಅದೇ.

ದಾಕ್ಷಾಯಣಿ ಎದ್ದು ಮೊಸರು ತಾನೇ ಹಾಕಿಕೊಂಡು, "ನಾನು ಯಾರಿಗೂ ಹೇಳಲ್ಲ. ಚಪ್ಪಲಿ ಮಾತ್ರ ನಾಳೆಯಿಂದ ನೀನೇ ಹಾಕಿ ಕರ್ಕೊಂಡು ಬಾ ತಾಯಿ" ಎಂದು ಹೋದಳು.

ಆಮೇಲಿನ ಮೂರು ವಾರ ನಾನು ದಿನವೂ ಬೆಳಗ್ಗೆ ಇವತ್ತು ಬಿಡುತ್ತೇನೆ ಅಂದುಕೊಂಡೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತೆ. ಹೊನ್ನಿ ಲೋಟ ಎತ್ತುತ್ತಿದ್ದಳು, ಕೊನೆಯ ಗುಟುಕಿನ ಹೊತ್ತಿಗೆ ಲೋಟ ವಾಲುತ್ತಿತ್ತು, ನನ್ನ ಬೆರಳು ಅಲ್ಲಿರುತ್ತಿತ್ತು. ಶಿವಗಂಗಮ್ಮ ಮಗನ ಹಿಂದೆ ಹಿತ್ತಲಿಗೆ ಓಡುವುದನ್ನು ನೋಡಿದರೆ ನಗು ಬರುವುದು ನಿಂತುಹೋಯಿತು.

ಅವತ್ತು ಗುರುವಾರ. ಹನ್ನೊಂದೂವರೆ ಇರಬಹುದು. ಕೊಟ್ರೇಶಿ ಟಪಾಲು ಹಂಚಲು ಹೋಗಿದ್ದ. ನಾನು ಹೊನ್ನಿಗೆ ಅನ್ನ, ತೊಗರಿಬೇಳೆ ಸಾರು, ತುಪ್ಪ ಕಲಸಿ, ಆರಲಿ ಎಂದು ನಡುಮನೆಯಲ್ಲಿ ತಟ್ಟೆ ಇಟ್ಟಿದ್ದೆ. ಊಟಕ್ಕೆ ಮಾತ್ರ ಹೊನ್ನಿ "ಹೊನ್ನೀನೇ" ಅಂದಿರಲಿಲ್ಲ. ದಿನದಲ್ಲಿ ಮೂರು ಹೊತ್ತು ಅವಳು ನನ್ನ ಮುಂದೆ ಚಕ್ಕಳಮಕ್ಕಳ ಕೂತು, ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. ನನ್ನ ಕೈಯ ತುತ್ತು ಅವಳ ಬಾಯಿಗೆ. ಇದೊಂದರಲ್ಲಿ ನಾನು ನಟಿಸಬೇಕಾಗಿರಲಿಲ್ಲ.

ಹೊರಗೆ ಗಾಳಿ ಎದ್ದಿತು. ಜಗಲಿಯಲ್ಲಿ ಒಣಗಲು ಹರಡಿದ್ದ ರಟ್ಟುಗಳು ಹಾರತೊಡಗಿದವು. ನಾನು ಓಡಿ ಹೋಗಿ ಒಂದೊಂದನ್ನೇ ಆಯ್ದು ಎದೆಗೆ ಒತ್ತಿಕೊಳ್ಳುತ್ತಿದ್ದೆ. ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದು. ಗಾಳಿಯೆಂದುಕೊಂಡೆ. ಆಮೇಲೆ ಇನ್ನೊಂದು ಸದ್ದು ಕೇಳಿತು, ಕೆಳಗಿನ ಚಿಲಕ ತನ್ನ ಗೂಡಿಗೆ ಜಾರಿದ್ದು. ಒಳಗಿನಿಂದ ಹೊನ್ನಿಯ ನಗು.

"ಹೊನ್ನೀ, ಚಿಲಕ ತೆಗಿ ಚಿನ್ನ."

"ಇಲ್ಲ."

ಹಿತ್ತಲ ಬಾಗಿಲಿಗೆ ಓಡಿದೆ. ಅದಕ್ಕೆ ನಾನೇ ಒಳಗಿನಿಂದ ಅಗುಳಿ ಹಾಕಿದ್ದೆ. ಬೀದಿಯ ಕಡೆಗೆ ನಡುಮನೆಯದೊಂದು ಕಿಟಕಿಯಿದೆ, ಕಬ್ಬಿಣದ ಸರಳಿನದು. ಅಲ್ಲಿಂದ ಇಣುಕಿದರೆ ಹೊನ್ನಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ತಾನು ಮಾಡಿದ ಕೆಲಸಕ್ಕೆ ತಾನೇ ಬೆರಗಾದವಳ ಹಾಗೆ ಮನೆಯನ್ನೆಲ್ಲ ನೋಡುತ್ತಿದ್ದಳು. ಒಲೆ ಆರಿಸಿದ್ದೆ, ಅದೊಂದು ಪುಣ್ಯ. ಆದರೆ ರಟ್ಟು ಕತ್ತರಿಸುವ ಕತ್ತಿ ಎಲ್ಲಿಟ್ಟೆ? ಕಪಾಟಿನ ಮೇಲೋ ಮಣೆಯ ಮೇಲೋ? ಕಣ್ಣು ಹುಡುಕಿತು. ಕಪಾಟಿನ ಮೇಲಿತ್ತು.

ನಾನು ಕೂಗಿದ್ದಕ್ಕೆ ಮೊದಲು ದಾಕ್ಷಾಯಣಿ ಬಂದಳು, ಆಮೇಲೆ ಕೋಲೂರಿಕೊಂಡು ಗೌರಜ್ಜಿ. ಬಡಗಿ ಮೌನೇಶಾಚಾರಿಯನ್ನು ಕರೆತರಲು ದಾಕ್ಷಾಯಣಿಯ ಗಂಡ ಸೈಕಲ್ ಹತ್ತಿ ಹೋದ. ಐದು ನಿಮಿಷದಲ್ಲಿ ಕಿಟಕಿಯ ಮುಂದೆ ಬೀದಿಯ ಅರ್ಧ ಜನ.

"ಪುಟ್ಟಿ, ಆ ಕಬ್ಬಿಣದ್ದು ಇದೆ ನೋಡು, ಅದನ್ನ ಈಚೆ ಎಳಿ."

"ಎಳಿ ಅಂದರೆ ಅದಕ್ಕೇನು ಗೊತ್ತು? ಹೊನ್ನಮ್ಮಾ, ತಳ್ಳು, ತಳ್ಳು!"

"ತಳ್ಳಿದರೆ ಇನ್ನೂ ಬಿಗಿ ಆಗುತ್ತೆ, ಸುಮ್ನಿರಿ ನೀವು."

"ಮಿಠಾಯಿ ಕೊಡ್ತೀನಿ ಅನ್ನಿ."

"ಮಿಠಾಯಿ ಎಲ್ಲಿದೆ?"

"ಅನ್ನೋಕೇನು ಹೋಗುತ್ತೆ?"

"ಮಗೂಗೆ ಸುಳ್ಳು ಹೇಳ್ಬಾರದು" ಎಂದು ಗೌರಜ್ಜಿ ಕೋಲು ಕುಟ್ಟಿದಳು.

ಇಷ್ಟೂ ಜನರನ್ನು ಹೊನ್ನಿ ಆಸಕ್ತಿಯಿಂದ ನೋಡಿದಳು. ಆಮೇಲೆ ಅವಳಿಗೆ ತಟ್ಟೆ ಕಾಣಿಸಿತು. ಹೋಗಿ ಅದರ ಮುಂದೆ ಚಕ್ಕಳಮಕ್ಕಳ ಕೂತಳು. ನನ್ನ ಕಡೆ ತಿರುಗಿ ಬಾಯಿ ತೆರೆದಳು.

ನಾನು ಸರಳುಗಳ ನಡುವೆ ಭುಜದವರೆಗೂ ಕೈ ತೂರಿಸಿದೆ. ತಟ್ಟೆ ಇನ್ನೂ ಒಂದು ಮಾರು ದೂರವಿತ್ತು. ನನ್ನ ಬೆರಳುಗಳು ಗಾಳಿಯಲ್ಲೇ ತುತ್ತು ಕಲಸುವ ಹಾಗೆ ಆಡುತ್ತಿದ್ದವು. "ತಟ್ಟೆ ತಗೊಂಡು ಬಾ ಚಿನ್ನ, ಕಿಟಕಿ ಹತ್ರ ಬಾ, ಅಮ್ಮ ತಿನ್ನಿಸ್ತೀನಿ" ಅಂದೆ. ಹೊನ್ನಿ ಬಾಯಿ ಮುಚ್ಚಿದಳು. ಎರಡೂ ಕೈಯಲ್ಲಿ ತಟ್ಟೆ ಹಿಡಿದು ಎದ್ದಳು. ಒಂದು ಹೆಜ್ಜೆ ಇಟ್ಟಳು. ಸಾರು ತಟ್ಟೆಯ ಅಂಚಿಗೆ ಬಂದು ನಿಂತಿತು. ಇನ್ನೊಂದು ಹೆಜ್ಜೆ.

ನನಗೆ ಆಗ ಎಲ್ಲವೂ ಬಹಳ ಸ್ಪಷ್ಟವಾಗಿ ಕಂಡಿತು. ಇನ್ನು ಮೂರು ಹೆಜ್ಜೆ ಇಟ್ಟರೆ ಅವಳು ನನ್ನ ಕೈಗೆ ಸಿಗುತ್ತಾಳೆ. ನಾನು ಸರಳಿನ ನಡುವಿನಿಂದ ತಿನ್ನಿಸುತ್ತೇನೆ, ಬಡಗಿ ಬಂದು ಬಾಗಿಲು ಕೀಳುತ್ತಾನೆ, ನನ್ನ ಕೈ ಸೋಲುವುದಿಲ್ಲ. ನಾಳೆಯೂ ಇಲ್ಲ. ಅವಳು ಶಾಲೆಗೆ ಹೋಗುವಾಗಲೂ ಇಲ್ಲ. ನನಗೆ ಎಂದೂ ಏನೂ ಗೊತ್ತಾಗುವುದಿಲ್ಲ, ಅವಳಿಗೆ ಎಂದೂ ಏನೂ ಪೂರ್ತಿ ಸಿಗುವುದಿಲ್ಲ. ನನ್ನ ಒಂದು ಭಯಕ್ಕಾಗಿ ಈ ಮಗು ತನ್ನ ತಟ್ಟೆಯನ್ನು ಕಿಟಕಿಯಿಂದ ಕಿಟಕಿಗೆ ಹೊತ್ತು ತಿರುಗುತ್ತದೆ. ಅವಳು ಹುಷಾರಾಗಿ, ತುಟಿ ಕಚ್ಚಿಕೊಂಡು, ಸಾರು ಚೆಲ್ಲದ ಹಾಗೆ ಬರುತ್ತಿದ್ದಳು. ನನಗಾಗಿ.

ನಾನು ಕೈ ಈಚೆಗೆ ಎಳೆದುಕೊಂಡೆ.

ಹೊನ್ನಿ ನಿಂತಳು. ಖಾಲಿಯಾದ ಕಿಟಕಿಯ ಸರಳುಗಳನ್ನು ನೋಡಿದಳು. "ಅಮ್ಮ?" ಅಂದಳು.

"ಇಲ್ಲೇ ಇದೀನಿ. ನೋಡ್ತಾ ಇದೀನಿ" ಅಂದೆ. ನನ್ನ ಕೈ ಅದಾಗಲೇ ಮತ್ತೆ ಸರಳಿನ ಕಡೆ ಏಳುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ದಾಕ್ಷಾಯಣಿ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಬಿಗಿಯಾಗಿ ಹಿಡಿದುಕೊಂಡಳು.

ಹೊನ್ನಿ ನಿಂತಲ್ಲೇ ಕೂತಳು. ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು. ಐದೂ ಬೆರಳು ಅನ್ನದೊಳಗೆ ಇಳಿಸಿ, ಮುಷ್ಟಿ ಮಾಡಿ ಎತ್ತಿದಳು. ಬೆರಳ ಸಂದಿಯಿಂದ ಅರ್ಧ ಸೋರಿತು. ಉಳಿದರ್ಧ ಗಲ್ಲಕ್ಕೆ ಹೋಯಿತು, ಅದರಲ್ಲಿ ಕಾಲು ಭಾಗ ಬಾಯಿಗೆ. ಅಗಿದಳು. ಯೋಚಿಸುತ್ತ ಅಗಿದಳು. ಎರಡನೆಯ ಸಲ ಮುಷ್ಟಿ ಚಿಕ್ಕದಾಯಿತು. ನಾಲ್ಕನೆಯ ಸಲದ ಹೊತ್ತಿಗೆ ಹೆಬ್ಬೆರಳಿನಿಂದ ತುತ್ತನ್ನು ಒಳಗೆ ತಳ್ಳುವುದನ್ನು ಕಲಿತಿದ್ದಳು. ಅದು ನಾನು ತಳ್ಳುವ ರೀತಿ. ತಟ್ಟೆಯ ಅಂಚಿಗೆ ಅಂಟಿದ ಅಗುಳನ್ನು ಕೂಡ ಒಂದೊಂದಾಗಿ ಹಿಡಿದು ತಿಂದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮೌನೇಶಾಚಾರಿ ಉಳಿ, ಕೊಡತಿ ಹಿಡಿದು ಬಂದು, ಬಾಗಿಲ ಕೀಲನ್ನು ತಡವಿ ನೋಡಿ, "ತೇಗದ್ದು. ಹೊಡೀಲಿಕ್ಕೆ ಮನಸ್ಸು ಬರಲ್ಲ" ಅಂದರು. ಹೊಡೆಯಲು ಕೊಡತಿ ಎತ್ತಿದರು.

ಒಳಗೆ ಹೊನ್ನಿ ಎದ್ದಳು. ಅಂಟುಅಂಟಾದ ಕೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡಳು. ಕೈ ತೊಳೆಯುವ ನೀರಿನ ತೊಟ್ಟಿ ನಮ್ಮ ಮನೆಯಲ್ಲಿ ಹೊರಗಿದೆ. ಅವಳು ಸೀದಾ ಬಾಗಿಲಿಗೆ ಬಂದು, ಸಾರಿನ ಕೈಯಲ್ಲೇ ಚಿಲಕ ಹಿಡಿದು, ಎಳೆದಳು. ಬಾಗಿಲು ತೆರೆಯಿತು. ಎತ್ತಿದ ಕೊಡತಿ ಎತ್ತಿದ ಹಾಗೇ ಇದ್ದ ಮೌನೇಶಾಚಾರಿಯವರನ್ನು ಅವಳು ತಲೆಯೆತ್ತಿ ನೋಡಿ, "ಕೈ ತೊಳಿ" ಅಂದಳು.

"ಇಂಥ ಆಚಾರಿ ಮನೇಲೇ ಇರೋವಾಗ ನನ್ನನ್ಯಾಕಮ್ಮ ಕರೆಸಿದ್ರಿ?" ಅಂದರು ಅವರು.

ಬೀದಿ ನಕ್ಕಿತು. ಜನ ಚದುರಿದರು. ದಾಕ್ಷಾಯಣಿ ಮಾತ್ರ ಜಗಲಿಯಲ್ಲಿ ನಿಂತು, "ಈಗ ನೋಡ್ತೀಯಾ?" ಎಂದು ಕೇಳಿದಳು.

"ನೀನು ಹೋಗು. ಆಮೇಲೆ ಕರೀತೀನಿ."

ಹೊನ್ನಿಯ ಕೈ ಬಾಯಿ ತೊಳೆಸಿ ಒಳಗೆ ಕರೆತಂದೆ. ಪಾತ್ರೆಯಲ್ಲಿ ಸ್ವಲ್ಪ ಅನ್ನ ಉಳಿದಿತ್ತು. ಅದಕ್ಕೆ ತುಪ್ಪ ಬಿಟ್ಟು, ಒಂದೇ ಒಂದು ತುತ್ತು ಕಲಸಿದೆ, ಗೋಲಿಯಷ್ಟು. "ಅಮ್ಮನದು ಒಂದು" ಅಂದೆ. ಅವಳು ಹೊಟ್ಟೆ ತುಂಬಿದ್ದರೂ ನನ್ನ ಮುಖ ನೋಡಿ ಬಾಯಿ ತೆರೆದಳು. ಕೈ ಮುಂದೆ ಹೋಯಿತು. ದಿನಕ್ಕೆ ಮೂರು ಹೊತ್ತು, ಎಷ್ಟು ಸಾವಿರ ಸಲ ಹೋದ ದಾರಿ ಅದು. ಅವಳ ತುಟಿಗೆ ಒಂದು ಬೆರಳಿನಷ್ಟು ದೂರದಲ್ಲಿ ನನ್ನ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ತುತ್ತು ಅವಳ ಮಡಿಲಿಗೆ ಬಿತ್ತು.

ಎತ್ತಿಕೊಂಡೆ. ಈ ಸಲ ಬಿಗಿಯಾಗಿ ಹಿಡಿದೆ. ಕೈ ಅವಳ ಬಾಯಿಯನ್ನು ಬಿಟ್ಟು ಕಿವಿಯ ಕಡೆ ಹೋಯಿತು. ಹೊನ್ನಿ ಬಾಯಿ ತೆರೆದುಕೊಂಡೇ ತುತ್ತಿನ ಹಿಂದೆ ಮುಖ ತಿರುಗಿಸಿದಳು, ನನ್ನ ಕೈ ಇನ್ನೂ ಆಚೆ ಹೋಯಿತು. ಅವಳಿಗೆ ನಗು ಬಂತು. ಎಷ್ಟೋ ತಾಯಂದಿರು ಹೇಳಿದ್ದನ್ನು ಕೇಳಿದ್ದೆ, ನೋವಾಗುವುದಿಲ್ಲ, ಮರಗಟ್ಟುವುದಿಲ್ಲ ಎಂದು. ನಿಜ. ಯಾರೋ ಹಿಂದಿನಿಂದ ಮೃದುವಾಗಿ ಮೊಣಕೈ ಹಿಡಿದು, ಸಾಕು, ಇನ್ನು ನೀನು ಕೂತ್ಕೋ ಅಂದ ಹಾಗಿತ್ತು, ಅಷ್ಟೇ.

ನಾನು ನೆಲದ ಮೇಲೆ ಕೂತು ನಕ್ಕೆ. ನಗುತ್ತಿದ್ದೇನೆಂದೇ ಅಂದುಕೊಂಡಿದ್ದೆ, ಹೊನ್ನಿ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಾಗ ಅದು ಒದ್ದೆಯಾಗಿತ್ತು. ಇನ್ನು ಈ ಜನ್ಮದಲ್ಲಿ ಅವಳಿಗೆ ನಾನು ಒಂದು ತುತ್ತೂ ತಿನ್ನಿಸಲಾರೆ. ಜ್ವರ ಬಂದು ಮಲಗಿದರೆ ದಾಕ್ಷಾಯಣಿಯೇ ಬಂದು ಗಂಜಿ ಕುಡಿಸಬೇಕು. ಅವಳ ಮದುವೆಯ ದಿನವೂ ಸಿಹಿ ತಿನ್ನಿಸುವವರು ಬೇರೆಯವರು. ಎಲ್ಲಕ್ಕಿಂತ ಪ್ರೀತಿಯದೇ ಮೊದಲು ಹೋಯಿತು. ಆದರೂ ಆ ಬಿದ್ದ ಅಗುಳುಗಳನ್ನು ಅವಳ ಮಡಿಲಿನಿಂದ ಒಂದೊಂದಾಗಿ ಆಯುವಾಗ, ನನಗೆ ಯಾರೋ ದೊಡ್ಡ ಮರ್ಯಾದೆ ಮಾಡಿ ಕಳಿಸಿದ ಹಾಗೆ ಅನ್ನಿಸುತ್ತಿತ್ತು.

ಹಿತ್ತಲಿಗೆ ಹೋಗಿ ಗೋಡೆಯ ಈಚೆಯಿಂದ ಕೂಗಿದೆ. "ದಾಕ್ಷಾಯಣಿ!"

"ಏನಾಯ್ತು?"

"ಸೋತಿತು!"

ಆಚೆಯಿಂದ ಪಾತ್ರೆಯೊಂದು ಕೆಳಗೆ ಬಿದ್ದ ಸದ್ದು ಕೇಳಿತು. ಅವಳು ಗೋಡೆಯ ಮೇಲಿಂದ ಮುಖ ಹಾಕಿದಾಗ ಅವಳ ಕಣ್ಣೂ ಸರಿಯಾಗಿರಲಿಲ್ಲ. "ಈ ಸಲ ಬೆಲ್ಲದಲ್ಲಿ ಮುಗಿಯಲ್ಲ. ಹೋಳಿಗೆ ಮಾಡ್ಬೇಕು" ಅಂದಳು.

ಮಾಡಿದೆ. ಮರುದಿನ ಬೆಳಗ್ಗೆ ಬದಲಿ ಹೊತ್ತಿನಲ್ಲಿ ಎಲ್ಲರಿಗೂ ಹಂಚಿ, ಹಳೆಯ ಬೆಲ್ಲದ ವಿಷಯವನ್ನೂ ಹೇಳಿಬಿಟ್ಟೆ. ಗೌರಜ್ಜಿ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತ, "ಹಾಗಾದರೆ ಆ ಬೆಲ್ಲ ಲೆಕ್ಕಕ್ಕಿಲ್ಲ. ಆಗ ನನಗೆ ಚೂರೇ ಚೂರು ಸಿಕ್ಕಿದ್ದು" ಅಂದಳು. ಆಮೇಲೆ ನಾನು ಎಲ್ಲರೆದುರಿಗೇ, ಬಾಗಿಲು ಹಾಕಿಕೊಳ್ಳದೆ, ಹೊನ್ನಿಗೆ ಚಪ್ಪಲಿ ಹಾಕಿದೆ. ಅದಿನ್ನೂ ನನ್ನದೇ. ಎಷ್ಟು ದಿನವೋ ಗೊತ್ತಿಲ್ಲ. ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸುವಾಗ ನಿಧಾನವಾಗಿ ಸಿಕ್ಕಿಸಿದೆ.

ಮಧ್ಯಾಹ್ನ ಕೊಟ್ರೇಶಿ ಊಟಕ್ಕೆ ಬಂದ. ನಾನು ಮೂರು ತಟ್ಟೆ ಹಾಕಿದೆ. ಎರಡೂವರೆ ವರ್ಷದಿಂದ ನಮ್ಮ ಮನೆಯಲ್ಲಿ ಎರಡು ತಟ್ಟೆ. ಹೊನ್ನಿಗೆ ತಿನ್ನಿಸಿ, ಅವಳ ಬಾಯಿ ಒರೆಸಿ, ನೆಲ ಒರೆಸಿ, ಅವಳನ್ನು ಮಲಗಿಸಿ ನಾನು ಕೂರುವ ಹೊತ್ತಿಗೆ ಅನ್ನ ಗಟ್ಟಿಯಾಗಿ, ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಕಟ್ಟಿಕೊಂಡಿರುತ್ತಿತ್ತು. ಅದೇ ಊಟದ ರುಚಿಯೆಂದು ನಾಲಿಗೆ ಒಪ್ಪಿಕೊಂಡೂ ಬಿಟ್ಟಿತ್ತು. ಇವತ್ತು ಹೊನ್ನಿ ತನ್ನ ತಟ್ಟೆಗೆ ಬಗ್ಗಿ ಕೂತಿದ್ದಳು, ಮೂಗಿನ ತುದಿಯಲ್ಲಿ ಒಂದು ಅಗುಳು. ನಾನು ಏನು ಮಾಡಬೇಕೆಂದು ತಿಳಿಯದೆ ಒಂದು ಗಳಿಗೆ ಅವಳನ್ನೇ ನೋಡುತ್ತ ಕೂತೆ. ಆಮೇಲೆ ಒಲೆಯಿಂದ ಆಗಷ್ಟೇ ಇಳಿಸಿದ ಅನ್ನ ಬಡಿಸಿಕೊಂಡು, ಕುದಿಯುತ್ತಿದ್ದ ಸಾರು ಹಾಕಿಕೊಂಡು ಕಲಸಲು ಹೋದೆ. ಬೆರಳು ಚುರ್ರೆಂದಿತು.

"ಅಯ್ಯೋ, ಸುಡ್ತು" ಅಂದೆ.

ಹೊನ್ನಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಊದ್ಕೊಂಡು ತಿನ್ನು ಅಮ್ಮ" ಅಂದಳು.

ಊದಿಕೊಂಡು ತಿಂದೆ.